ಅಪ್ಪನ ಫಿಯೆಟ್ಟು, ಮಾವನ ಯೆಜ್ಡಿ: ಹದಿನೇಳರ ವಯಸ್ಸಲ್ಲಿ ನೀವು ಯಾರ ಗಾಡಿ ಓಡಿಸಿದ್ರಿ?

ಕೊಬ್ಬರಿ ಮಂಡಿ (ತಿಪಟೂರು)

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡು ಕೆಡವಬೇಕು, ಗಾರೆಯವರು ಮುಂದಿನ ತಿಂಗಳು ಬರ್ತಾರೆ. ಒಳಗೆ ಹದಿನೆಂಟು ವರ್ಷದಿಂದ ಅಲ್ಲಾಡದೆ ನಿಂತಿರೋದು ಅಪ್ಪನ ಫಿಯೆಟ್. 1975ರ ಮಾಡೆಲ್ಲು ಪ್ರೀಮಿಯರ್ ಪದ್ಮಿನಿ, ಹಳೇ ‘ಎಂವೈ’ ನಂಬರು. 1982ರಲ್ಲಿ ಅಪ್ಪ ಡಾಕ್ಟರೊಬ್ಬರ ಕೈಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊನ್ನೆ ಗುಜರಿಯವನು ಬಂದು, ಬಾನೆಟ್ ಕೂಡ ಎತ್ತದೆ, ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋದ. ನಮ್ಮ ಎಪಿಎಂಸೀಲಿ ಕೌಟು ಕೊಬ್ಬರಿಗೂ ಅದಕ್ಕಿಂತ ಮರ್ಯಾದೆ ಇದೆ.

ಮಾರಬೇಕೋ ಇಟ್ಕೋಬೇಕೋ ಅಂತ ಕೇಳೋಕೆ ಬಂದವನು ನಾನು. ಆದರೆ ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ.

1987. ನಾನು ಎರಡನೇ ಪಿಯುಸಿ. ಆ ಕಾರು ಊರಲ್ಲಿದ್ದ ಕೆಲವೇ ಕಾರುಗಳಲ್ಲಿ ಒಂದು. ಅಪ್ಪ ಭಾನುವಾರ ದೇವಸ್ಥಾನಕ್ಕೆ, ಮದುವೆಗೆ, ಆಸ್ಪತ್ರೆಗೆ ಬಿಟ್ಟರೆ ತೆಗೀತಿರಲಿಲ್ಲ. ರಾತ್ರಿ ಹತ್ತಕ್ಕೆ ಅವರು ಮಲಗಿದ ಮೇಲೆ ನಾವು ಮೂರು ಜನ ಶೆಡ್ಡಿಗೆ ಬರ್ತಿದ್ವಿ. ಗೇಟಿನ ಕೀಲು ಕಿರ್ ಅನ್ನಬಾರದು ಅಂತ ಮಧ್ಯಾಹ್ನವೇ ಕೊಬ್ಬರಿ ಎಣ್ಣೆ ಬಿಟ್ಟಿರ್ತಿದ್ದೆ, ಅದಕ್ಕೇನು ನಮ್ಮನೇಲಿ ಬರಗಾಲವೇ! ಗೇರ್ ನ್ಯೂಟ್ರಲ್‌ಗೆ ಹಾಕಿ, ಒಬ್ಬ ಬಾಗಿಲಿಂದ ಸ್ಟೇರಿಂಗ್ ಹಿಡಿದು, ಇಬ್ಬರು ಹಿಂದಿಂದ ತಳ್ಳಿ, ಬೀದಿ ಕೊನೆಯ ತೆಂಗಿನ ಕಾಯಿ ರಾಶಿ ದಾಟಿಸಿದ ಮೇಲೇ ಚೋಕ್ ಎಳೆದು ಸ್ಟಾರ್ಟ್ ಮಾಡ್ತಿದ್ದಿದ್ದು. ಹೋಗೋದು ಎಲ್ಲಿಗೆ? ಕೆ.ಬಿ. ಕ್ರಾಸ್‌ಗೆ. ಹನ್ನೆರಡು ಕಿಲೋಮೀಟರ್. ಲಾರಿಯವರ ಹೋಟೆಲಲ್ಲಿ ಒಂದು ಟೀ, ಮೂರು ಜನಕ್ಕೆ ಎರಡು ಲೋಟ. ವಾಪಸ್.

ಇನ್ನೊಂದು ಕರಾಮತ್ತು. ಹೊರಡೋ ಮುಂಚೆ ಡ್ಯಾಶ್‌ಬೋರ್ಡ್ ಹಿಂದೆ ಕೈ ತೂರಿಸಿ ಮೀಟರ್ ಕೇಬಲ್ಲಿನ ತಿರುಪು ಬಿಚ್ಚಿಬಿಡ್ತಿದ್ದೆ. ಮುಳ್ಳೂ ಏಳಲ್ಲ, ಕಿಲೋಮೀಟರೂ ಓಡಲ್ಲ. ಬಂದಮೇಲೆ ಮತ್ತೆ ಹಾಕೋದು. ಎಷ್ಟು ಸ್ಪೀಡಲ್ಲಿ ಹೋಗಿದ್ವಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಯಾಕಂದ್ರೆ ಆ ಎರಡು ವರ್ಷ ನಾನು ಓಡಿಸಿದಾಗಲೆಲ್ಲ ಮೀಟರ್ ಸೊನ್ನೆಯಲ್ಲೇ ಇತ್ತು.

ನಿಮ್ಮ ಊರಲ್ಲಿ ಹೇಗಿತ್ತು? ಯಾರ ಗಾಡಿ? ಹೇಗೆ ಸಿಗ್ತಿತ್ತು?

ಯಾದವಗಿರಿ ಹುಡುಗ (ಮೈಸೂರು)

ಕೊಬ್ಬರಿ ಸಾರ್, ಕಾರು ನಮಗೆ ದೂರದ ಮಾತು. ಆದರೆ ಗಾಡಿ ವಿಷಯದಲ್ಲಿ ನಮ್ಮಷ್ಟು ಶ್ರೀಮಂತರು ಯಾರೂ ಇರಲಿಲ್ಲ ಬಿಡಿ. ಐಡಿಯಲ್ ಜಾವಾ ಬೈಕ್ ಕಾರ್ಖಾನೆ ನಮ್ಮ ಏರಿಯಾದಲ್ಲೇ. 1961ರಿಂದ ಜಾವಾ, 1973ರಿಂದ ಯೆಜ್ಡಿ, 1996ರಲ್ಲಿ ಬಾಗಿಲು ಹಾಕೋವರೆಗೂ. ನಮ್ಮ ತಂದೆ ಅಲ್ಲಿ ಕೆಲಸಕ್ಕಿದ್ದರು. ಬೀದಿಯಲ್ಲಿ ಮನೆಗೊಂದು ಯೆಜ್ಡಿ, ಮಕ್ಕಳಿಗೆ ಅಪ್ಪ ಬರೋದು ಶಬ್ದದಲ್ಲೇ ಗೊತ್ತಾಗ್ತಿತ್ತು. ಎಲ್ಲಾ ಒಂದೇ ಕಂಪನಿ ಗಾಡಿ, ಆದರೂ ನಮ್ಮಪ್ಪಂದು ಅಂತ ಹೇಗೆ ಗೊತ್ತಾಗ್ತಿತ್ತೋ.

ಗೊತ್ತಿಲ್ಲದವರಿಗೆ: ಯೆಜ್ಡೀಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಒಂದೇ ಲಿವರ್. ಅದನ್ನ ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸಿ ಎಬ್ಬಿಸಿದರೆ ಕಿಕ್ಕರ್. ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಬೇರೆ ಗಾಡಿ ಓಡಿಸಿ ಬಂದವನು ಕಿಕ್ಕರ್ ಎಲ್ಲಿದೆ ಅಂತ ಎರಡೂ ಕಡೆ ಬಗ್ಗಿ ನೋಡ್ತಾ ನಿಂತಿರ್ತಿದ್ದ. ನಾವು ಹೇಳ್ತಿರಲಿಲ್ಲ, ಮಜಾ ತಗೋತಿದ್ವಿ. ಆಮೇಲೆ ಕ್ಲಚ್ ಹಿಡೀದೇ ಗೇರ್ ಹಾಕೋದು, ಅದೂ ಆಗ್ತಿತ್ತು, ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡೋ ಹಾಗೆ ಒಳಗೆ ಏರ್ಪಾಡಿತ್ತು. ಒಂದು ಕೈಲಿ ಬೈಕು, ಇನ್ನೊಂದು ಕೈಲಿ ಮೈಸೂರ್ ಪಾಕ್ ಡಬ್ಬ ಹಿಡಿದು ದೊಡ್ಡ ಗಡಿಯಾರದ ಸುತ್ತ ತಿರುಗಿದವನು ನಾನು.

ನಾನು ಕಲಿತಿದ್ದು ಅಪ್ಪನ ಗಾಡೀಲಿ, ಅಪ್ಪನಿಗೆ ನೈಟ್ ಶಿಫ್ಟ್ ಇದ್ದಾಗ. ಹಗಲು ಮಲಗಿರ್ತಿದ್ದರಲ್ಲ. ನೀವು ರಾತ್ರಿ ಕಳ್ಳರು, ನಾನು ಹಗಲು ಕಳ್ಳ.

ಗಿರ್ಮಿಟ್ (ಗದಗ)

ಏನ್ ಹೇಳ್ತೀರಿ ಯಾದವಗಿರಿ ಅಣ್ಣಾರ, ಯೆಜ್ಡಿ ಛಲೋ ಗಾಡಿ ಖರೆ, ಆದ್ರ ಆರ್‌ಎಕ್ಸ್ 100 ಬಂದ ಮ್ಯಾಲ ನಿಮ್ಮ ಯೆಜ್ಡಿ ಹಾಲಿನ ಕ್ಯಾನ್ ಹೊರೋ ಗಾಡಿ ಆತು! 1985ರಾಗ ಬಂತು. ಬರೇ 98 ಸಿಸಿ, 11 ಕುದುರಿ ಶಕ್ತಿ, ಗಾಡಿ ನೋಡಿದ್ರ ಕಡ್ಡಿ ಪೈಲ್ವಾನ. ಎಕ್ಸಲೇಟರ್ ತಿರುವಿದ್ರ ಮುಂದಿನ ಗಾಲಿ ಎದ್ದು ನಿಂದರತಿತ್ತು.

ನಮ್ಮೂರಾಗ ಅದು ಬಂದದ್ದು ನಮ್ಮ ಸ್ವಾದರಮಾವನ ಮದಿವ್ಯಾಗ. ಅಂದ್ರ ಮಾವಗ ಹೆಣ್ಣಿನ ಕಡಿಯವ್ರು ಕೊಟ್ಟದ್ದು. ವರದಕ್ಷಿಣಿ ಅನ್ನೂದಿಲ್ಲ, ‘ಪ್ರೀತೀಲೆ ಕೊಟ್ಟೇವ್ರೀ’ ಅಂತಾರ, ನಿಮಗೆಲ್ಲಾ ಗೊತ್ತೈತಿ. ಮಾವ ಸಾಲಿ ಮಾಸ್ತರ, ಅಂಜುಬುರುಕ, ಮೂವತ್ತರ ಮ್ಯಾಲ ಹೊಡಿಯಾಂವ ಅಲ್ಲ. ಗಾಡಿ ತೊಳಿಯೂ ಕೆಲಸ ನನಗ. ಐತವಾರಕ್ಕೊಮ್ಮೆ ಭೀಷ್ಮ ಕೆರಿ ದಂಡಿಗೆ ಒಯ್ದು ತೊಳಿಯೂದು. ತೊಳಿಯೂದು ಹತ್ತು ಮಿನಿಟ, ಒಣಗಸೂದು ಎರಡ ತಾಸು. ಒಣಗಸಾಕ ಗಾಳಿ ಬೇಕಲ್ರೀ? ಗಾಳಿ ಬೇಕಂದ್ರ ಗಾಡಿ ಓಡಬೇಕು. ಹಂಗಾಗಿ ಮುಂಡರಗಿ ರಸ್ತೆ!

ಅತ್ತಿ ಒಂದಿನ ಅಂದ್ಲು, ‘ನಮ್ಮಪ್ಪ ಕೊಟ್ಟ ಗಾಡಿ, ನಾ ಇನ್ನೂ ಅದರ ಮ್ಯಾಲ ಹುಬ್ಬಳ್ಳಿ ನೋಡಿಲ್ಲ, ನೀ ಮಾತ್ರ ದಿನಾ ತಿರಗ್ತಿ’ ಅಂತ. ನಕ್ಕು ಬಿಟ್ಟಿದ್ದೆ ಆವಾಗ. ಈಗ ನೆನಪಾದ್ರ ಅಷ್ಟು ನಗಿ ಬರೂದಿಲ್ಲ.

ಯಾದವಗಿರಿ ಹುಡುಗ (ಮೈಸೂರು)

ಗಿರ್ಮಿಟ್ ಅಣ್ಣ, ಹಾಲಿನ ಕ್ಯಾನ್ ಹೊತ್ತಿದ್ದು ನಿಜ. ಎರಡು ಕ್ಯಾನ್, ಒಂದು ಹಿಂಡಿ ಮೂಟೆ, ಅದರ ಮೇಲೆ ಯಜಮಾನ. ನಿಮ್ಮ ಕಡ್ಡಿ ಪೈಲ್ವಾನನ ಮೇಲೆ ಇಟ್ಟು ನೋಡಿ.

ಗಿರ್ಮಿಟ್ (ಗದಗ)

ಸೋತೆ ಬಿಡ್ರಿ.

ಘಾಟಿ ಕ್ಲೀನರ್ (ಸಕಲೇಶಪುರ)

ಎಲ್ಲಾ ಓದ್ತಾ ಇದ್ದೆ. ನಾನು ಒಂದು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಮ್ಮನೇಲಿ ಕದಿಯೋಕೆ ಗಾಡಿನೇ ಇರಲಿಲ್ಲ. ಸೈಕಲ್ ಕೂಡ ಬಾಡಿಗೆದು, ಗಂಟೆಗೆ ಐವತ್ತು ಪೈಸೆ. ಸೀಟಿಗೆ ಕಾಲು ಎಟುಕದೆ ಒಳಪೆಡಲು ತುಳಿದೇ ಕಲಿತಿದ್ದು. ಏಳನೇ ಕ್ಲಾಸಿಗೆ ಓದು ಬಿಟ್ಟು ಹೈವೇ ಪಕ್ಕದ ಗ್ಯಾರೇಜಿಗೆ ಸೇರಿದೆ. ಹದಿನೈದನೇ ವಯಸ್ಸಿಗೆ ಅಂಬಾಸಿಡರ್, ಫಿಯೆಟ್, ಜೀಪು, ಮೆಟಡಾರು ಎಲ್ಲಾ ಓಡಿಸಿದ್ದೆ. ಟ್ರಯಲ್ ನೋಡೋದು ಅಂತ ಒಂದು ರೌಂಡು. ಹದಿನೈದರ ಹುಡುಗ ಕಾರು ಓಡಿಸಿದರೆ ಊರವರು ಮೂಗಿನ ಮೇಲೆ ಬೆರಳಿಡ್ತಿದ್ದರು, ಆದರೆ ಮೈಯೆಲ್ಲಾ ಗ್ರೀಸ್ ಇದ್ದರೆ ಯಾರೂ ಏನೂ ಕೇಳ್ತಿರಲಿಲ್ಲ. ಗ್ರೀಸೇ ನನ್ನ ಲೈಸೆನ್ಸ್.

ಶಿರಾಡಿ ಘಾಟಿ ಹತ್ತಿ ಬರೋ ಫಿಯೆಟ್‌ಗಳು ಬೇಸಿಗೇಲಿ ದೋಣಿಗಾಲ್ ಹತ್ತಿರ ಬಂದು ಕೆಮ್ಮಿ ನಿಂತುಬಿಡೋವು. ಎಂಜಿನ್ ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ, ಪಂಪಿಗೆ ಎಳೆಯೋಕೆ ಏನೂ ಸಿಗ್ತಿರಲಿಲ್ಲ. ಮನೆಯವರೆಲ್ಲ ಇಳಿದು ರಸ್ತೆ ಪಕ್ಕ ಚಾಪೆ ಹಾಸಿ ಕೂತಿರೋರು, ಅಪ್ಪ ಬಾನೆಟ್ ಎತ್ತಿ ತಲೆ ಕೆರೆದುಕೊಳ್ತಾ. ನಾನು ಹಳ್ಳದಲ್ಲಿ ಗೋಣಿ ಚೂರು ಒದ್ದೆ ಮಾಡಿಕೊಂಡು ಹೋಗಿ ಪೆಟ್ರೋಲ್ ಪಂಪಿಗೆ ಸುತ್ತಿ, ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ಳಿ ಸಾರ್ ಅಂತಿದ್ದೆ. ಅಷ್ಟೇ ರಿಪೇರಿ. ಆ ಕಾರಿನ ಹಿಂದಿನ ಸೀಟಲ್ಲಿ ನನ್ನ ವಯಸ್ಸಿನ ಹುಡುಗ ಇರ್ತಿದ್ದ. ನಾನು ಪಂಪಿಗೆ ಬಟ್ಟೆ ಸುತ್ತೋದನ್ನ ಅವನು ನೋಡ್ತಿದ್ದ, ಅವನ ಶೂ ನಾನು ನೋಡ್ತಿದ್ದೆ.

ಕೊಬ್ಬರಿ ಸಾರ್, ನಿಮ್ಮ ಗಾಡಿ ವಿಷಯಕ್ಕೆ ಬರ್ತೀನಿ, ಕಿವಿಗೊಟ್ಟು ಕೇಳಿ. ಬ್ಯಾಟರಿ ತಂದು ಹಾಕಿ ‘ಒಂದ್ಸಲ ಸೆಲ್ಫ್ ಹೊಡೆದು ನೋಡೋಣ’ ಅಂತ ಮಾತ್ರ ಹೋಗಬೇಡಿ. ಹದಿನೆಂಟು ವರ್ಷ ನಿಂತ ಎಂಜಿನ್ನು. ಪಿಸ್ಟನ್ ಹಿಡ್ಕೊಂಡಿರುತ್ತೆ. ಮೊದಲು ನಾಲ್ಕೂ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದು ವಾರ್ನಿಷ್ ಆಗಿರುತ್ತೆ. ವೈರಿಂಗ್ ಇಲಿ ಕಡಿದಿರುತ್ತೆ, ನೋಡ್ಕೊಳ್ಳಿ. ಬ್ರೇಕ್ ವಿಷಯ ಆಮೇಲೆ ಹೇಳ್ತೀನಿ, ಅದು ದೊಡ್ಡ ಕತೆ.

ಶಿರಸಿ ಲೂನಾ (ಶಿರಸಿ, ಈಗ ಪುಣೆ)

ಇಷ್ಟು ಹೊತ್ತು ಬರೀ ಗಂಡುಹುಡುಗರದೇ ಸವಾರಿ ಆಯ್ತು. ಸ್ವಲ್ಪ ಜಾಗ ಬಿಡಿ.

ನಮ್ಮನೇಲಿ ಇದ್ದಿದ್ದು ದೊಡ್ಡಪ್ಪನ ಲೂನಾ. ಐವತ್ತು ಸಿಸಿ, ಪೆಡಲ್ ಇರೋದು. ಶಿರಸಿಯ ಏರಿಗೆ ಎಂಜಿನ್ ‘ನನ್ನಿಂದ ಆಗದು’ ಅಂದಾಗ ನಾವು ಪೆಡಲ್ ತುಳಿದು ಕೈಜೋಡಿಸಬೇಕು. ಅರ್ಧ ಅದು, ಅರ್ಧ ನಾವು. ಹಾಗಂತ ಅದಕ್ಕೇನು ಕಮ್ಮಿ ಮರ್ಯಾದೆ ಇರಲಿಲ್ಲ. 1986ರಲ್ಲಿ ನಮ್ಮ ಕೇರಿಯಲ್ಲಿ ಗಾಡಿ ಬಿಟ್ಟ ಮೊದಲ ಹುಡುಗಿ ನಾನು.

ನೀವೆಲ್ಲ ಕತ್ತಲೆ ಆಗಲಿ ಅಂತ ಕಾದಿರಿ. ನನಗೆ ಕತ್ತಲೆ ಉಪಯೋಗ ಇರಲಿಲ್ಲ, ಆರಕ್ಕೆ ಮನೇಲಿರಬೇಕಿತ್ತು. ನನಗೆ ಬೇಕಾಗಿದ್ದು ನೆಪ. ಸುಮ್ಮನೆ ಗಾಡಿ ತಗೊಂಡು ಹೋದರೆ ಶೋಕಿ. ಗಿರಣಿಗೆ ಹೋದರೆ ಕೆಲಸ. ಹಾಗಾಗಿ ನಾಲ್ಕು ಸೇರು ಗೋಧಿ ಬೀಸಿಸಬೇಕು ಅಂದರೆ ಎರಡು ಸೇರು ಸೋಮವಾರ, ಎರಡು ಸೇರು ಗುರುವಾರ ಒಯ್ತಿದ್ದೆ. ಆಯಿಗೆ ಅನುಮಾನ ಬಂದು, ‘ಎಲ್ಲಾ ಒಟ್ಟಿಗೆ ಒಯ್ಯಲೆ ಆಗ್ತಿಲ್ಯನೇ?’ ಅಂತ ಕೇಳಿದ್ದಕ್ಕೆ, ಲೂನಾಕ್ಕೆ ಭಾರ ಆಗ್ತು ಅಂದಿದ್ದೆ. ಅದೇ ಲೂನಾದ ಮೇಲೆ ದೊಡ್ಡಪ್ಪ ಅಡಿಕೆ ಚೀಲ ಹೇರಿಕೊಂಡು ಸೊಸೈಟಿಗೆ ಹೋಗ್ತಿದ್ದ!

ಗಿರಣಿಯವನು ಬೀಸಿ ಮುಗಿಸೋ ಅರ್ಧ ಗಂಟೆಯಲ್ಲಿ ನಾನು ಎಲ್ಲೆಲ್ಲಿ ಹೋಗಿ ಬರ್ತಿದ್ದೆ ಅನ್ನೋದನ್ನ ಬರೆಯೋದಿಲ್ಲ. ನನ್ನ ಅಣ್ಣ ಈ ಗುಂಪಲ್ಲಿದ್ದಾನೆ.

ಗಿರ್ಮಿಟ್ ಅವರೇ, ನಿಮ್ಮ ಅತ್ತೆ ಆಮೇಲೆ ಹುಬ್ಬಳ್ಳಿಗೆ ಹೋದರಾ?

ಗಿರ್ಮಿಟ್ (ಗದಗ)

ಹೋದ್ಲು ಅಕ್ಕಾರ. ಬಸ್ಸಿನ್ಯಾಗ.

ಕಾಫಿ ಕಣ (ಮೂಡಿಗೆರೆ)

ನಮ್ಮ ಕಡೆ ಕತೆಯೇ ಬೇರೆ ಮಾರಾಯ್ರೇ. ತೋಟದ ಮನೆಯ ಹುಡುಗರು ನಡೆಯೋಕೆ ಕಲಿತ ಮೇಲೆ ಮಾತಾಡೋಕೆ, ಅದಾದ ಮೇಲೆ ಜೀಪು ಓಡಿಸೋಕೆ ಕಲೀತಿದ್ದರು. ಕದಿಯೋ ಅಗತ್ಯವೇ ಇರಲಿಲ್ಲ, ಅಪ್ಪನೇ ಕರೆದು ಕಲಿಸೋರು, ಯಾಕಂದ್ರೆ ಕೆಲಸಕ್ಕೆ ಜನ ಬೇಕಿತ್ತು. ತೋಟದ ಒಳಗಿನ ರಸ್ತೆಗೆ ಯಾವ ಪೊಲೀಸ್, ಯಾವ ಲೈಸೆನ್ಸ್. ನಮ್ಮದು ಮಿಲಿಟರಿ ಹರಾಜಲ್ಲಿ ಬಂದ ಹಳೇ ವಿಲ್ಲೀಸ್, ಸ್ಟೇರಿಂಗ್ ಎಡಗಡೆ. ಕಾಫಿ ಒಣಗಿಸೋ ಕಣದಲ್ಲಿ ಮಳೆಗಾಲ ಮುಗಿದ ಮೇಲೆ, ಕುಯ್ಲು ಶುರುವಾಗೋ ಮುಂಚೆ, ಎಂಟಂಕಿ ಹಾಕಿ ಹಾಕಿ ಕಲಿತಿದ್ದು. ಹನ್ನೊಂದು ವರ್ಷ ನನಗೆ. ಬ್ರೇಕ್ ತುಳಿಯೋಕೆ ಎದ್ದು ನಿಲ್ಲಬೇಕಿತ್ತು.

ಆದರೆ ಒಂದು ಮಾತು. ಜೀಪು ಕೊಟ್ಟರು ಅಂದ್ರೆ ಪೇಟೆಗೆ ಹೋಗೋಕೆ ಕೊಟ್ಟರು ಅಂತಲ್ಲ. ಗೇಟು ದಾಟಿದರೆ ಬೆನ್ನು ಮುರೀತಿದ್ದರು. ಗೇಟಿನ ಒಳಗೆ ರಾಜ, ಹೊರಗೆ ಬಸ್ಸಿನ ಪಾಸು.

ಅದೆಲ್ಲ ಬದಲಾಗಿದ್ದು 1994ರಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅವರ ಕಾಫಿ ಸುಟ್ಟುಹೋಯ್ತು, ಇಲ್ಲಿ ರೇಟು ಗಗನಕ್ಕೆ. ಅದೇ ಹೊತ್ತಿಗೆ ಬೆಳೆದಿದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕು ಅನ್ನೋ ಹಳೇ ಕಾನೂನು ಸಡಿಲವಾಗ್ತಾ ಇತ್ತು, 1996ಕ್ಕೆ ಪೂರ್ತಿ ಹೋಯ್ತು. ದುಡ್ಡು ನೇರ ಕೈಗೆ. ಮೂಡಿಗೆರೆ ಪೇಟೆಯಲ್ಲಿ ಎಸ್ಟೀಮು, ಸಿಯೆಲೊ, ಜಿಪ್ಸಿ! ಹೊಂಡ ತುಂಬಿದ ರಸ್ತೆ ಮೇಲೆ ಸಿಯೆಲೊ ತಳ ಕೆರೆಸಿಕೊಂಡು ಹೋಗ್ತಿದ್ದ ಶಬ್ದ ಈಗಲೂ ಕಿವಿಯಲ್ಲಿದೆ. ನಮ್ಮ ತಮ್ಮಂದಿರ ತಲೆಮಾರಿಗೆ ಹದಿನೆಂಟಕ್ಕೇ ಸ್ವಂತ ಜಿಪ್ಸಿ ಬಂತು. ಅವರಿಗೆ ಈ ಥ್ರೆಡ್ಡಲ್ಲಿ ಬರೆಯೋಕೆ ಏನೂ ಇರಲಾರದು ಅಂತ ನನ್ನ ಅನಿಸಿಕೆ. ಹೊಟ್ಟೆಕಿಚ್ಚು ಅಂದ್ಕೊಂಡರೂ ಸರಿ.

ಆನಗೋಡು ಕಡೆಯವ (ದಾವಣಗೆರೆ)

ಕ್ಷಮಿಸಿ, ನಗುವಿಗೆ ಅಡ್ಡ ಬರ್ತಿದೀನಿ.

ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ, ರಾತ್ರಿ ಹೈವೇ, ಮೂರು ಜನ. ಇದನ್ನೆಲ್ಲ ಸಾಹಸ ಅಂತ ಬರೀತಿದೀರಿ. ಬದುಕಿ ಬಂದವರಷ್ಟೇ ಇಲ್ಲಿ ಬರೀತಿರೋದು, ಅದು ನೆನಪಿರಲಿ.

ನಮ್ಮೂರ ಹತ್ತಿರದ ಆನಗೋಡಿನಲ್ಲಿ 1990ರ ಸೆಪ್ಟೆಂಬರ್ 30ರ ಬೆಳಿಗ್ಗೆ ಶಂಕರ್‌ನಾಗ್ ತೀರಿಕೊಂಡರು. ಮೂವತ್ತೈದು ವರ್ಷ. ನಾನು ಆಗ ಪಿಯುಸಿ. ನಮ್ಮಮ್ಮ ಅಪ್ಪನ ರಾಜ್‌ದೂತ್ ಕೀ ತಗೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ಒಂದು ತಿಂಗಳು ಅಪ್ಪನೂ ಸೈಕಲ್ಲಲ್ಲೇ ಹೋದರು. ನಾವು ಅಮ್ಮನನ್ನ ನೋಡಿ ನಗಾಡಿದ್ವಿ. ಮುಂದಿನ ಬೇಸಿಗೇಲಿ ನನ್ನ ಪಕ್ಕದ ಬೆಂಚಿನವನು, ಬೇರೆಯವರ ಗಾಡೀಲಿ ಮೂರನೆಯವನಾಗಿ ಹಿಂದೆ ಕೂತವನು, ಹೋದ. ಮುಂದೆ ಕೂತಿದ್ದ ಇಬ್ಬರಿಗೂ ತರಚು ಗಾಯ ಅಷ್ಟೇ. ಗಾಡಿ ಯಾರದು, ಕೊಟ್ಟವರು ಯಾರು ಅಂತ ಎರಡು ಮನೆಯವರು ಹತ್ತು ವರ್ಷ ಮಾತು ಬಿಟ್ಟಿದ್ದರು. ಗಾಡಿ ಕದ್ದು ತಂದಿದ್ದು, ಯಾರೂ ಕೊಟ್ಟಿರಲಿಲ್ಲ.

ಕೊಬ್ಬರಿ ಮಂಡಿ (ತಿಪಟೂರು)

ಅಡ್ಡ ಅಲ್ಲ ಅಣ್ಣ, ಬರೀಬೇಕಾದ್ದೇ ಬರೆದಿರಿ. ನಾನು ಮೊದಲ ಪೋಸ್ಟಲ್ಲಿ ಬಿಟ್ಟ ಒಂದು ಭಾಗ ಈಗ ಹೇಳ್ತೀನಿ. ಒಂದು ರಾತ್ರಿ ಕೆ.ಬಿ. ಕ್ರಾಸಿಂದ ವಾಪಸ್ ಬರುವಾಗ ಮುಂದೆ ತೆಂಗಿನಕಾಯಿ ಹೇರಿದ ಎತ್ತಿನ ಗಾಡಿ. ಅಚ್ಚಿನ ಕೆಳಗೆ ಲಾಟೀನು ತೂಗಿರ್ತಾರಲ್ಲ, ಅದು ಆರಿಹೋಗಿತ್ತು. ಗಾಡಿಯವನು ನಿದ್ದೆ, ಎತ್ತಿಗೆ ದಾರಿ ಗೊತ್ತು. ನನಗೆ ಕಂಡಿದ್ದು ಚಕ್ರದ ಪಟ್ಟಿ ಮಿಂಚಿದಾಗ. ಬ್ರೇಕ್ ಒತ್ತಿದೆ, ಎಡಕ್ಕೆ ಎಳೀತು, ಕಾರು ಹುಣಸೇಮರದ ಬೇರಿಗೆ ಹತ್ತಿ ನಿಂತಿತು. ಗಾಡಿಯವನು ಎಚ್ಚರಾಗಲೂ ಇಲ್ಲ. ನಾವು ಮೂವರೂ ಒಂದು ಮಾತಾಡದೆ ಊರಿಗೆ ಬಂದ್ವಿ. ಆಮೇಲೆ ಎರಡು ವಾರ ಶೆಡ್ಡಿನ ಕಡೆ ಹೋಗಲಿಲ್ಲ. ಮೂರನೇ ವಾರ ಹೋದ್ವಿ. ನಿಜ ಹೇಳ್ತಿದೀನಿ.

ವುಡ್‌ವರ್ಡ್ ಕನ್ನಡಿಗ (ಮಿಶಿಗನ್)

ನಾನು ಅರಸೀಕೆರೆಯವನು, ಇಲ್ಲಿ ಡೆಟ್ರಾಯಿಟ್ ಹತ್ತಿರ ಕಾರು ಕಂಪನಿಯ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ. ಇಲ್ಲಿಯ ವುಡ್‌ವರ್ಡ್ ಅವೆನ್ಯೂ ಹೆಸರು ಕೇಳಿರಬಹುದು. ಅರವತ್ತರ ದಶಕದಲ್ಲಿ ಸುತ್ತಲಿನ ಊರುಗಳ ಹುಡುಗರು ಸಂಜೆಯಾದರೆ ಕಾರು ತಂದು ಮೇಲಕ್ಕೂ ಕೆಳಕ್ಕೂ ಓಡಿಸ್ತಾ, ಸಿಗ್ನಲ್ ಇಂದ ಸಿಗ್ನಲ್‌ಗೆ ಪಂದ್ಯ ಕಟ್ಟುತ್ತಿದ್ದ ರಸ್ತೆ. ಈಗ 1995ರಿಂದ ಪ್ರತಿ ಆಗಸ್ಟಲ್ಲಿ ಹಳೇ ಕಾರುಗಳ ಜಾತ್ರೆಯೇ ಆಗುತ್ತೆ. ನಮ್ಮ ಪಕ್ಕದ ಮನೆ ಅಜ್ಜ ತನ್ನ ಪಾಂಟಿಯಾಕ್ ಜಿಟಿಒ ತಗೊಂಡು ಬಂದು, ಮಡಚೋ ಕುರ್ಚಿ ಹಾಕ್ಕೊಂಡು ದಿನವಿಡೀ ಅದರ ಪಕ್ಕ ಕೂರ್ತಾನೆ, ತೇರಿನ ಪಕ್ಕ ಕೂತ ಹಾಗೆ.

ಅವನ ಕತೆಗಳೂ ನಮ್ಮವೇ: ರಾತ್ರಿ, ಗೆಳೆಯರು, ಪೆಟ್ರೋಲಿಗೆ ಚಿಲ್ಲರೆ ಒಟ್ಟುಗೂಡಿಸೋದು. ಆದರೆ ಒಂದು ವ್ಯತ್ಯಾಸ ನನಗೆ ಇವತ್ತು ಈ ಥ್ರೆಡ್ ಓದುವಾಗ ಹೊಳೀತು. ಅವನು ಹದಿನಾರಕ್ಕೆ ಲೈಸೆನ್ಸ್ ತಗೊಂಡು, ಅಂಗಡೀಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ ಹಳೇ ಕಾರು ಕೊಂಡಿದ್ದ. ಪ್ರತಿ ವಾಕ್ಯದಲ್ಲೂ ‘ನನ್ನ ಕಾರು’. ಇಲ್ಲಿ ಮೇಲಿಂದ ಕೆಳಗಿನ ತನಕ ನೋಡಿ, ಒಬ್ಬರಾದರೂ ‘ನನ್ನ ಗಾಡಿ’ ಅಂದಿದೀರಾ? ಅಪ್ಪನ ಫಿಯೆಟ್, ಮಾವನ ಆರ್‌ಎಕ್ಸ್, ದೊಡ್ಡಪ್ಪನ ಲೂನಾ, ಗಿರಾಕಿ ಅಂಬಾಸಿಡರ್. ಆಗ ಬಜಾಜ್ ಚೇತಕ್ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು, ಮನೆ ಯಜಮಾನನಿಗೇ ಸಿಗದ್ದು ಹುಡುಗರಿಗೆ ಎಲ್ಲಿಂದ.

ಘಾಟಿ ಕ್ಲೀನರ್ (ಸಕಲೇಶಪುರ)

ವುಡ್‌ವರ್ಡ್ ಸಾರ್, ನಂದು ಅಂತ ನನ್ನ ಹತ್ತಿರ ಒಂದೇ ಒಂದು ಸ್ಪ್ಯಾನರ್ ಇತ್ತು, ಹತ್ತು-ಹನ್ನೊಂದು ಸೈಜಿಂದು. ಅದೂ ಮೇಸ್ತ್ರಿ ಹಬ್ಬಕ್ಕೆ ಕೊಟ್ಟಿದ್ದು. ಈಗಲೂ ಇದೆ.

ಶಿರಸಿ ಲೂನಾ (ಶಿರಸಿ, ಈಗ ಪುಣೆ)

ಕೊಬ್ಬರಿ ಅವರೇ, ಕಾರು ಏನಾಯ್ತು? ಶೆಡ್ಡಿನ ಫೋಟೋ ಆದರೂ ಹಾಕಿ.

ಕೊಬ್ಬರಿ ಮಂಡಿ (ತಿಪಟೂರು)

ಫೋಟೋ ಆಮೇಲೆ. ಅದಕ್ಕಿಂತ ದೊಡ್ಡದು ಸಿಕ್ಕಿದೆ. ನಿನ್ನೆಯಿಂದ ನನಗೆ ಊಟ ಸೇರ್ತಿಲ್ಲ, ನಗೋದೋ ಅಳೋದೋ ಗೊತ್ತಾಗ್ತಿಲ್ಲ.

ಕ್ಲೀನರ್ ಅಣ್ಣ ಹೇಳಿದ ಹಾಗೆ ಪ್ಲಗ್ ಬಿಚ್ಚಿ ಎಣ್ಣೆ ಬಿಟ್ವಿ. ಮುಂದಿನ ಸೀಟು ಎತ್ತಿದರೆ (ಉದ್ದ ಬೆಂಚು ಸೀಟು, ಮೂರು ಜನ ಆರಾಮಾಗಿ ಕೂರ್ತಿದ್ವಿ) ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಒಂದು ಲೆಕ್ಕದ ಪುಸ್ತಕ. ಕೆಂಪು ಬಟ್ಟೆ ರಟ್ಟಿನದು, ಮಂಡೀಲಿ ಇಡ್ತಾರಲ್ಲ ಅದೇ. ಅಪ್ಪ ಮಂಡಿ ಲೆಕ್ಕ ಬರೆದವರು, ಕಾರಿಗೂ ಬರೆದಿದ್ದಾರೆ. ತಾರೀಖು, ಮೀಟರ್, ಪೆಟ್ರೋಲು ಲೀಟರ್, ರೂಪಾಯಿ, ಕೊನೆಗೆ ‘ಷರಾ’. ದೇವಸ್ಥಾನ, ಮದುವೆ, ಹುಳಿಯಾರು, ಎಲ್ಲಾ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅಂತ ಪ್ರತಿ ಸಲ ಪಕ್ಕದಲ್ಲಿ ಭಾಗಾಕಾರ ಮಾಡಿದ್ದಾರೆ. 1986ರ ತನಕ ಹನ್ನೆರಡು, ಹನ್ನೊಂದೂವರೆ, ಹನ್ನೆರಡು.

1987ರ ಜೂನ್‌ನಿಂದ ಒಂಬತ್ತು. ಎಂಟೂವರೆ. ಒಂಬತ್ತು.

ಮೀಟರ್ ಕೇಬಲ್ ಬಿಚ್ಚಿದ್ದ ಬೃಹಸ್ಪತಿ ನಾನು. ಓಡದ ಕಿಲೋಮೀಟರಿಗೆ ಪೆಟ್ರೋಲ್ ಖರ್ಚಾಗಿದೆ ಅಂತ ಲೆಕ್ಕದವನಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಬಾಟ್ಲೀಲಿ ಒಂದು ಲೀಟರ್ ತಂದು ಸುರೀತಿದ್ವಿ, ಕುಡೀತಿದ್ದಿದ್ದು ಎರಡು.

ಅಲ್ಲಿಂದ ಮುಂದೆ ಷರಾ ಕಾಲಂನಲ್ಲಿ ಒಂದೇ ಪದ, ಅಪ್ಪನ ದುಂಡು ಅಕ್ಷರದಲ್ಲಿ: ‘ಇಲಿ’. ‘ಇಲಿ, 1 ಲೀ.’ ‘ಇಲಿ, 1 1/2 ಲೀ.’ ಹುಣಸೇಮರದ ರಾತ್ರಿಯ ಮಾರನೇ ದಿನದ್ದೂ ಇದೆ: ‘ಮುಂದಿನ ಬಂಪರ್ ತಟ್ಟಿಸಿದ್ದು ರೂ. 40. ಇಲಿ.’ ನಾವು ಕಲ್ಲಲ್ಲಿ ಕುಟ್ಟಿ ಸರಿ ಮಾಡಿದ್ವಿ ಅಂದ್ಕೊಂಡಿದ್ವಿ.

ಅಪ್ಪನಿಗೆ ಈಗ 84. ಕಿವಿ ಮಂದ, ತಲೆ ಚುರುಕು. ಪುಸ್ತಕ ತಗೊಂಡು ಹೋಗಿ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಪುಟ ತಿರುವಿದರು. ‘ಪಾಷಾಣ ಇಡೋಣ ಅಂತಿದ್ದೆ, ನಿಮ್ಮಮ್ಮ ಬೇಡ ಅಂದಳು’ ಅಂದರು. ಅಷ್ಟೇ. ಆಮೇಲೆ, ‘ಎಂಜಿನ್ ತಿರುಗ್ತಾ?’ ಅಂತ ಕೇಳಿದರು.

ಗಿರ್ಮಿಟ್ (ಗದಗ)

ಯಪ್ಪಾ! ಅಪ್ಪಾರಿಗೆ ಶರಣು. ನಾ ಇಷ್ಟೊತ್ತಿನ್ಯಾಗ ಒಬ್ಬನ ಕುಂತು ನಗಾಕತ್ತೇನಿ, ಮನ್ಯಾಗ ಎಲ್ಲಾರೂ ಎದ್ದು ಬಂದಾರ.

ಆನಗೋಡು ಕಡೆಯವ (ದಾವಣಗೆರೆ)

ಗೊತ್ತಿದ್ದೂ ಯಾಕೆ ತಡೀಲಿಲ್ಲ ಅಂತ ಕೇಳಿದ್ರಾ?

ಕೊಬ್ಬರಿ ಮಂಡಿ (ತಿಪಟೂರು)

ಕೇಳಿದೆ ಅಣ್ಣ. ಕೇಳಿಸದವರ ಹಾಗೆ ಕಿವಿ ಮುಟ್ಟಿಕೊಂಡರು. ಆದರೆ ಪುಸ್ತಕದಲ್ಲಿ ಒಂದು ಇದೆ. ಬಂಪರ್ ತಟ್ಟಿಸಿದ ಸಾಲಿನ ಕೆಳಗೆ ಎರಡು ದಿನ ಬಿಟ್ಟು: ‘ಬ್ರೇಕ್ ಎಡಕ್ಕೆ ಎಳೆಯುತ್ತಿದೆ, ನಾಲ್ಕೂ ಚಕ್ರ ಬಿಚ್ಚಿಸಿ ಹೊಸ ಲೈನರ್, ಕಿಟ್. ಹೆಡ್‌ಲೈಟ್ ಬಲ್ಬ್ 2.’ ಅವತ್ತಿನ ಷರಾ ಖಾಲಿ.

ಯಾದವಗಿರಿ ಹುಡುಗ (ಮೈಸೂರು)

ಸಾರ್, ಗುಜರಿಯವನಿಗೆ ಕೊಡಬೇಡಿ, ಕಾಲಿಗೆ ಬೀಳ್ತೀನಿ. 1975ರ ಗಾಡಿ ಅಂದ್ರೆ ಐವತ್ತು ವರ್ಷ ಆಯ್ತಲ್ಲ? 2021ರಲ್ಲಿ ಕೇಂದ್ರದವರು ನಿಯಮ ತಂದಿದ್ದಾರೆ: ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಖಾಸಗಿ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ. ಆದರೆ ದಿನಾ ಮಂಡಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋಕೆ ಅಷ್ಟೇ. ಅದು ಬೇಡ ಅಂದ್ರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಬಹುದು, ಜೊತೆಗೆ ಹಸಿರು ತೆರಿಗೆ. ಆರ್‌ಸಿ ಪುಸ್ತಕ ಇದೆಯಾ ಮೊದಲು ನೋಡಿ. ಡಾಕ್ಟರಿಂದ ಅಪ್ಪನ ಹೆಸರಿಗೆ ವರ್ಗ ಆಗಿದೆಯಾ ಅದನ್ನೂ ನೋಡಿ, ಹಳೇ ಗಾಡಿಗಳಲ್ಲಿ ಅಲ್ಲೇ ಎಡವೋದು.

ಕೊಬ್ಬರಿ ಮಂಡಿ (ತಿಪಟೂರು)

ಲೆಕ್ಕದವರ ಮನೆ ಸಾರ್, ಆರ್‌ಸಿ, ಹಳೇ ಇನ್ಶೂರೆನ್ಸು, ಬಂಕಿನ ಚೀಟಿ ಸಮೇತ ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ. ವರ್ಗ ಆಗಿದೆ. ಹ್ಯಾಂಡಲ್ ಹಾಕಿದ್ವಿ, ಮೊದಲ ದಿನ ಅಲ್ಲಾಡಲಿಲ್ಲ, ಎರಡನೇ ದಿನ ಕಾಲು ಸುತ್ತು, ಇವತ್ತು ಪೂರ್ತಿ ತಿರುಗ್ತು. ಶೆಡ್ಡು ಕೆಡವೋದು ದೀಪಾವಳಿ ಆದಮೇಲೆ ಅಂತ ಗಾರೆಯವರಿಗೆ ಹೇಳಿದೀನಿ. ವೈರಿಂಗ್ ಮಾತ್ರ ಪೂರ್ತಿ ಹೋಗಿದೆ. ಈ ಸಲ ನಿಜವಾದ ಇಲಿ.

ಘಾಟಿ ಕ್ಲೀನರ್ (ಸಕಲೇಶಪುರ)

ತಿರುಗ್ತಾ? ಸಂತೋಷ. ಹಾಗಾದ್ರೆ ಬ್ರೇಕ್ ಕತೆ ಈಗ ಹೇಳ್ತೀನಿ. ಸ್ಟಾರ್ಟ್ ಮಾಡೋಕೆ ಮುಂಚೆ ನಿಲ್ಲಿಸೋದು ನೋಡಿ. ಮಾಸ್ಟರ್ ಸಿಲಿಂಡರ್ ಬಿಚ್ಚಿ, ನಾಲ್ಕೂ ಚಕ್ರದ ಸಿಲಿಂಡರ್ ಬಿಚ್ಚಿ, ರಬ್ಬರೆಲ್ಲ ಹೊಸದು, ಹೋಸ್ ಪೈಪ್ ಕೂಡ ಹೊಸದು. ಹೊರಗಿಂದ ಚೆನ್ನಾಗಿದೆ ಅಂತ ಬಿಡಬೇಡಿ, ಒಳಗೆ ಊದಿ ಮುಚ್ಚಿಕೊಂಡಿರುತ್ತೆ, ಒತ್ತಿದ ಬ್ರೇಕ್ ಬಿಡೋದೇ ಇಲ್ಲ. ಕಿಟ್ಟು ಬೆಂಗಳೂರಿನ ಜೆ.ಸಿ. ರಸ್ತೇಲಿ ಹುಡುಕಿದರೆ ಸಿಗಬಹುದು, ಅಳತೆ ತಗೊಂಡು ಹಳೇದನ್ನೇ ಕೈಯಲ್ಲಿ ಹಿಡಿದು ಹೋಗಿ.

ಮುಂದಿನ ಭಾನುವಾರ ನನಗೆ ಗ್ಯಾರೇಜ್ ರಜಾ. ಬೆಳಿಗ್ಗೆ ಗಾಡಿಗೆ ಅರಸೀಕೆರೆ, ಅಲ್ಲಿಂದ ತಿಪಟೂರು. ಬ್ಯಾಟರಿ ನಾನು ತರ್ತೀನಿ, ನೀವು ಕೊಳ್ಳಬೇಡಿ. ಆ ಹತ್ತು-ಹನ್ನೊಂದು ಸೈಜಿನ ಸ್ಪ್ಯಾನರೂ ತರ್ತೀನಿ. ಅಪ್ಪಾಜಿ ಎದ್ದಿರ್ತಾರಾ ಅಷ್ಟು ಹೊತ್ತಿಗೆ?

ಕೊಬ್ಬರಿ ಮಂಡಿ (ತಿಪಟೂರು)

ಐದಕ್ಕೇ ಎದ್ದಿರ್ತಾರೆ. ತಿಂಡಿ ನಮ್ಮನೇಲೇ, ತಟ್ಟೆ ಇಡ್ಲಿ. ಬ್ಯಾಟರಿ ಚೀಟಿ ಮರೀದೇ ತನ್ನಿ ಅಣ್ಣ, ಅಪ್ಪ ಈಗಲೇ ಹೊಸ ಪುಟಕ್ಕೆ ಗೆರೆ ಎಳೀತಾ ಕೂತಿದ್ದಾರೆ.